ಏಳುನೂರು ರೂಪಾಯಿಯ ಪೆನ್ ಡ್ರೈವ್ ಮತ್ತು ಮೇಷ್ಟ್ರ ಲಾಂಗ್ ಬುಕ್: ಒಂದು ಪ್ರಕರಣ

ನಿವೃತ್ತ ಮೇಷ್ಟ್ರೊಬ್ಬರ ಫೋಟೋಗಳು ಪೆನ್ ಡ್ರೈವಿಗೆ ಸಾಗಿಸುವಾಗ ಕಳೆದುಹೋದ ಕಥೆ ಇದು. ನಡೆದದ್ದು ಮಲೆನಾಡಿನ ಒಂದು ತಾಲೂಕು ಊರಿನಲ್ಲಿ, 2023ರ ದಸರಾ ರಜೆಯ ಹೊತ್ತಿಗೆ. ಅಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಹಳೇ ಕಂಪ್ಯೂಟರಿನಿಂದ ಹೊಸ ಲ್ಯಾಪ್‌ಟಾಪಿಗೆ ಫೋಟೋ ಸಾಗಿಸುವುದು ಇವತ್ತು ಪ್ರತಿ ಮನೆಯ ಕೆಲಸ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು.

ಹಿನ್ನೆಲೆ

ಮೇಷ್ಟ್ರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ 2018ರಲ್ಲಿ ನಿವೃತ್ತರಾದವರು. 2006ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡರು. ಅಲ್ಲಿಂದ ಮುಂದೆ ಶಾಲೆಯ ವಾರ್ಷಿಕೋತ್ಸವ, ಪ್ರವಾಸ, ಊರಿನ ಜಾತ್ರೆ, ಮಗಳ ಮದುವೆ, ತೋಟದ ಅಡಿಕೆ ಕೊನೆ ಕೊಯ್ಲು, ಎಲ್ಲವನ್ನೂ ತೆಗೆದಿಟ್ಟರು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಗೆ ಹಾಕುವ ಫೋಟೋ ಕೇಳಿಕೊಂಡು ಜನ ಇವರ ಮನೆಗೇ ಬರುತ್ತಾರೆ. ಹಾಗಾಗಿ ಅದು ಒಂದು ಮನೆಯ ಆಲ್ಬಂ ಮಾತ್ರ ಆಗಿರಲಿಲ್ಲ.

ಎಲ್ಲವೂ ಒಂದೇ ಡೆಸ್ಕ್‌ಟಾಪಿನಲ್ಲಿತ್ತು. ವಿಂಡೋಸ್ 7, 500 ಜಿಬಿ ಹಾರ್ಡ್ ಡಿಸ್ಕ್. ಡಿ ಡ್ರೈವಿನಲ್ಲಿ ಇಸವಿಗೊಂದು ಫೋಲ್ಡರ್, 2006ರಿಂದ 2023ರವರೆಗೆ. ಫೋಟೋ, ವಿಡಿಯೋ ಸೇರಿ 131 ಜಿಬಿ.

ಇಲ್ಲೊಂದು ವಿಷಯ ಮೊದಲೇ ಹೇಳಬೇಕು. ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೋಟೋ ಹಾಕಿದ ದಿನವೇ ಮೇಷ್ಟ್ರು ಒಂದು ಲಾಂಗ್ ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಹಾಜರಿ ಪುಸ್ತಕದ ಹಾಗೆ ಸ್ಕೇಲಿಟ್ಟು ಗೆರೆ ಎಳೆದು ಮೂರು ಕಾಲಂ: ದಿನಾಂಕ, ಏನು, ಎಷ್ಟು. "ಮನೆ ಹೆಂಚು ತೆಗೆದದ್ದು, 64." "ಜೋಗ, ಒಂಬತ್ತನೇ ತರಗತಿ, 148." ಪುಟದ ಕೊನೆಗೆ ಅಲ್ಲಿಯವರೆಗಿನ ಮೊತ್ತ. ಹದಿನೇಳು ವರ್ಷ ಬಿಡದೆ ಬರೆದಿದ್ದರು. ಕೊನೆಯ ಪುಟದ ಮೊತ್ತ 21,460.

ಸಾಗಿಸಿದ ಬಗೆ

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿತ್ತು. ಡೆಸ್ಕ್‌ಟಾಪೂ ಬಹಳ ನಿಧಾನವಾಗಿತ್ತು. ದಸರಾಕ್ಕೆ ಬೆಂಗಳೂರಿನಿಂದ ಬಂದ ಮಗಳು ಅಪ್ಪನಿಗೆ ಹೊಸ ಲ್ಯಾಪ್‌ಟಾಪ್ ತಂದಳು. ಫೋಟೋ ಸಾಗಿಸಲು ಆನ್‌ಲೈನಿನಲ್ಲಿ ಒಂದು ಪೆನ್ ಡ್ರೈವ್ ತರಿಸಿದಳು. ಮೇಲೆ 2 ಟಿಬಿ ಎಂದು ಬರೆದಿತ್ತು, ಅಂದರೆ ಎರಡು ಸಾವಿರ ಜಿಬಿ. ಬೆಲೆ ಏಳುನೂರು ರೂಪಾಯಿ.

ಇಂಟರ್‌ನೆಟ್ಟಿನಲ್ಲಿ ಕಳಿಸಬಹುದಿತ್ತಲ್ಲ ಎಂದು ಕೆಲವರು ಕೇಳಿದ್ದಾರೆ. ಅವರ ಮನೆಯ ಲೈನಿನಲ್ಲಿ ಅಪ್‌ಲೋಡ್ 4 ಎಂಬಿಪಿಎಸ್. 131 ಜಿಬಿ ಹೋಗಲು ಬಿಡದೆ ಮೂರು ದಿನ ಬೇಕು, ಅದೂ ಕರೆಂಟ್ ಹೋಗದಿದ್ದರೆ. ಗೂಗಲ್ ಫೋಟೋಸಿನಲ್ಲಿ ಪುಕ್ಕಟೆ ಜಾಗ ಬರೀ 15 ಜಿಬಿ. ಡ್ರೈವಿನಲ್ಲಿ ಸಾಗಿಸುವ ತೀರ್ಮಾನ ಸರಿಯಾಗಿಯೇ ಇತ್ತು.

ರಾತ್ರಿ ಊಟ ಆದ ಮೇಲೆ ಮಗಳು ಹದಿನೆಂಟೂ ಫೋಲ್ಡರ್ ಆರಿಸಿ ಕಟ್ ಮಾಡಿ ಪೆನ್ ಡ್ರೈವಿಗೆ ಪೇಸ್ಟ್ ಕೊಟ್ಟಳು. ಕಾಪಿ ಅಲ್ಲ, ಕಟ್. ಯಾಕೆ ಎಂದು ಆಮೇಲೆ ಕೇಳಿದೆ. "ಹೇಗೂ ಹಳೇ ಕಂಪ್ಯೂಟರ್ ಪಕ್ಕದ ಮನೆಯವರಿಗೆ ಕೊಡೋದಿತ್ತಲ್ಲ ಅಣ್ಣ. ನಮ್ಮ ಫೋಟೋ ಅದರಲ್ಲಿ ಉಳಿಯೋದು ಬೇಡ ಅಂತ." ಯೋಚನೆ ತಪ್ಪಲ್ಲ. ಆದರೆ ಅದನ್ನು ಮಾಡುವ ಹೊತ್ತು ಅದಾಗಿರಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ಕೆಲಸ ಮುಗಿದಿತ್ತು. ಎಲ್ಲೂ ಎರರ್ ಇಲ್ಲ. ಪೆನ್ ಡ್ರೈವನ್ನು ಹೊಸ ಲ್ಯಾಪ್‌ಟಾಪಿಗೆ ಚುಚ್ಚಿದರು. ಹದಿನೆಂಟು ಫೋಲ್ಡರೂ ಸಾಲಾಗಿ ಕಂಡವು. ಅಪ್ಪ ಮಗಳು ಇಬ್ಬರೂ ಕೂತು 2006ರ ಫೋಲ್ಡರ್ ತೆರೆದರು. ಫೋಟೋಗಳು ಚೆನ್ನಾಗಿ ಬಂದವು. ಹಳೇ ಮನೆ, ಹಳೇ ಸ್ಕೂಟರ್ ನೋಡುತ್ತಾ ಅರ್ಧ ಗಂಟೆ ಕಳೆದರು. ಸಂಜೆ ಡೆಸ್ಕ್‌ಟಾಪ್ ಪಕ್ಕದ ಮನೆಯ ಪಿಯುಸಿ ಹುಡುಗನಿಗೆ ಹೋಯಿತು. ಲ್ಯಾಪ್‌ಟಾಪಿಗೆ ಕಾಪಿ ಹಾಕಿದಾಗ ನಡುವೆ ಏನೋ ಎರರ್ ಬಂತು. ಮಗಳಿಗೆ ಬಸ್ಸಿಗೆ ಹೊತ್ತಾಗಿತ್ತು. ಪೆನ್ ಡ್ರೈವಿನಲ್ಲಿ ಹೇಗೂ ಇದೆಯಲ್ಲ, ಆಮೇಲೆ ನೋಡೋಣ ಎಂದು ಬಿಟ್ಟರು.

ಗೊತ್ತಾದದ್ದು

ಎರಡು ವಾರದ ನಂತರ ಹಳೆಯ ವಿದ್ಯಾರ್ಥಿಯೊಬ್ಬ 2014ರ ಗ್ರೂಪ್ ಫೋಟೋ ಕೇಳಿದ. ಮೇಷ್ಟ್ರು ಫೋಲ್ಡರ್ ತೆರೆದರೆ ಖಾಲಿ. 2015 ಖಾಲಿ. 2012ರಿಂದ ಈಚೆಗೆ ಎಲ್ಲವೂ ಖಾಲಿ. 2011ರಲ್ಲಿ ಹೆಸರುಗಳೇನೋ ಇದ್ದವು, ಆದರೆ ಅರ್ಧದಿಂದ ಮುಂದೆ ಯಾವ ಚಿತ್ರವೂ ತೆರೆಯುತ್ತಿರಲಿಲ್ಲ.

ಶನಿವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅವರು ಬಂದರು. ಪೆನ್ ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ದರು. "ನೋಡು ಮಾರಾಯ, ಇದರೊಳಗೆ ಇಡೀ ಶಾಲೆ ಇದೆ" ಎಂದರು.

ನನ್ನ ಮೊದಲ ಊಹೆ ತಪ್ಪಾಯಿತು. ನಮ್ಮ ಕಡೆ ಪೆನ್ ಡ್ರೈವಿನಲ್ಲಿ ಫೋಲ್ಡರ್ ಖಾಲಿ ಎಂದರೆ ಮೊದಲು ಅನುಮಾನ ಬರುವುದು ಶಾರ್ಟ್‌ಕಟ್ ವೈರಸ್ ಮೇಲೆ. ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟ್ ತೆಗೆಸಿ ಬಂದರೆ ಸಾಕು, ಅದು ಹತ್ತಿಕೊಂಡಿರುತ್ತದೆ. ಅಸಲಿ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಅಡಗಿಸಿದ್ದನ್ನು ತೋರಿಸಿದರೆ ಎಲ್ಲ ವಾಪಸ್ ಬರುತ್ತದೆ. ಆ ಕೆಲಸ ಎಷ್ಟೋ ಸಲ ಮಾಡಿದ್ದೇನೆ. ಸ್ಕ್ಯಾನ್ ಮಾಡಿದೆ, ಅಡಗಿದ ಫೈಲ್ ಹುಡುಕಿದೆ. ಏನೂ ಸಿಗಲಿಲ್ಲ. "ಇಟ್ಟು ಹೋಗಿ ಮೇಷ್ಟ್ರೇ, ಸೋಮವಾರ ನೋಡ್ತೀನಿ" ಎಂದೆ.

ಸೋಮವಾರ ಬೆಳಗ್ಗೆ ತಣ್ಣಗೆ ಕೂತು ನೋಡಿದಾಗ ಲೆಕ್ಕ ಹೊಂದಲಿಲ್ಲ. ಡ್ರೈವ್ 131 ಜಿಬಿ ಬಳಕೆಯಾಗಿದೆ ಎನ್ನುತ್ತಿತ್ತು. ತೆರೆಯುವ ಫೈಲುಗಳನ್ನೆಲ್ಲ ಕೂಡಿಸಿದರೆ 29 ಜಿಬಿ. ಆಗ ಡ್ರೈವಿನ ಬೆಲೆ ಕೇಳಿದೆ. ಏಳುನೂರು ಎಂದ ಕೂಡಲೇ ವಿಷಯ ಅರ್ಥವಾಯಿತು.

ಅದು 32 ಜಿಬಿಯ ಪೆನ್ ಡ್ರೈವ್. ಒಳಗಿನ ಚಿಪ್ಪಿಗೆ "ನಾನು 2 ಟಿಬಿ" ಎಂದು ಹೇಳುವಂತೆ ಮಾಡಿರುತ್ತಾರೆ. ಕಂಪ್ಯೂಟರ್ ಅದನ್ನು ನಂಬುತ್ತದೆ. ಜಾಗ ಮುಗಿದ ಮೇಲೂ ಡ್ರೈವ್ ಹೂಂ ಹೂಂ ಎನ್ನುತ್ತಲೇ ಇರುತ್ತದೆ, ಬಂದದ್ದನ್ನು ಎಲ್ಲೂ ಬರೆಯುವುದಿಲ್ಲ. ಇನ್ನು ಕೆಲವು ಡ್ರೈವುಗಳು ಹಳೆಯದರ ಮೇಲೇ ಬರೆದು ಮೊದಲಿನದನ್ನೂ ಕೆಡಿಸುತ್ತವೆ. ಇಸವಿ ಫೋಲ್ಡರುಗಳ ಹೆಸರು ಡ್ರೈವಿನ ಮೊದಲ ಭಾಗದಲ್ಲಿ ಬರೆದಿದ್ದರಿಂದ ಹದಿನೆಂಟೂ ಕಂಡವು. 2012ರ ಹೊತ್ತಿಗೆ ನಿಜವಾದ ಜಾಗ ಮುಗಿದಿತ್ತು. ಹಾಗಾಗಿ ಅಲ್ಲಿಂದ ಮುಂದಿನ ಫೋಲ್ಡರುಗಳ ಒಳಗಿನ ಪಟ್ಟಿಯೂ ಇಲ್ಲ, ಚಿತ್ರವೂ ಇಲ್ಲ. ಕಟ್ ಮಾಡಿದಾಗ ವಿಂಡೋಸ್ ಏನು ಮಾಡುತ್ತದೆ? ಆ ಕಡೆ ಬರೆದಾಯಿತು ಎಂಬ ಉತ್ತರ ಬಂದ ಕೂಡಲೇ ಈ ಕಡೆಯದನ್ನು ಅಳಿಸುತ್ತದೆ. ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ. ರಾತ್ರಿಯಿಡೀ ಆದದ್ದು ಅದೇ.

ನಿಜವಾದ 2 ಟಿಬಿ ಪೆನ್ ಡ್ರೈವ್ ಲೋಕದಲ್ಲಿ ಇಲ್ಲವೆಂದಲ್ಲ. ಕಿಂಗ್‌ಸ್ಟನ್ ಕಂಪನಿ 2017ರಲ್ಲೇ ಒಂದನ್ನು ತಂದಿತ್ತು. ಅದರ ಬೆಲೆ ಏಳುನೂರರ ಹತ್ತಿರವೂ ಸುಳಿಯುವಂಥದ್ದಲ್ಲ.

ಭಾನುವಾರದ ನಷ್ಟ

"ಮೇಷ್ಟ್ರೇ, ಹಳೇ ಕಂಪ್ಯೂಟರ್ ಈಗ ಎಲ್ಲಿದೆ?" ಶನಿವಾರವೇ ಕೇಳಬೇಕಿದ್ದ ಈ ಪ್ರಶ್ನೆಯನ್ನು ಸೋಮವಾರ ಕೇಳಿದೆ.

ಅವರಿಗೆ ಅರ್ಥವಾಗಲಿ ಎಂದು ಅವರದೇ ಭಾಷೆಯಲ್ಲಿ ಹೇಳಿದೆ. ಹಾರ್ಡ್ ಡಿಸ್ಕಿನಲ್ಲಿ ಫೈಲ್ ಅಳಿಸುವುದೆಂದರೆ ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದ ಹಾಗೆ. ಹೆಸರು ಹೊಡೆದ ಕೂಡಲೇ ಹುಡುಗ ಬೆಂಚಿನಿಂದ ಎದ್ದು ಹೋಗುವುದಿಲ್ಲ. ಹೊಸ ಹುಡುಗ ಬಂದು ಅದೇ ಜಾಗದಲ್ಲಿ ಕೂರುವವರೆಗೆ ಅಲ್ಲೇ ಇರುತ್ತಾನೆ. ಮೇಷ್ಟ್ರು ಮುಂದಿನ ಪ್ರಶ್ನೆ ತಾವೇ ಕೇಳಿದರು. "ಹಾಗಾದರೆ ಹೊಸ ಹುಡುಗರು ಎಷ್ಟು ಜನ ಬಂದು ಕೂತಿರಬಹುದು?"

ಇಬ್ಬರೂ ಪಕ್ಕದ ಮನೆಗೆ ಹೋದೆವು. ಡಿ ಡ್ರೈವ್ ಪೂರ್ತಿ ಖಾಲಿ ಇದೆಯೆಂದು ಹುಡುಗ ಸಂತೋಷವಾಗಿ ಬಳಸಿದ್ದ. ಪಾಠದ ವಿಡಿಯೋ, ಸಿನಿಮಾ. ಭಾನುವಾರ ಒಂದೇ ದಿನ 14 ಜಿಬಿಯ ಒಂದು ಗೇಮ್. ವಿಷಯ ತಿಳಿದು ಅವನ ಮುಖ ಸಣ್ಣದಾಯಿತು. ಅವನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಆ ಭಾನುವಾರದ 14 ಜಿಬಿಗೆ ಹೊಣೆ ನಾನು. ಫೋಟೋ ಹೋಯಿತು ಎಂದು ಯಾರೇ ಬಂದರೂ, ಕಾರಣ ಹುಡುಕುವುದಕ್ಕೂ ಮೊದಲು "ಫೋಟೋ ಮೊದಲು ಇದ್ದ ಕಂಪ್ಯೂಟರನ್ನು ಈಗಲೇ ಆಫ್ ಮಾಡಿಸಿ" ಎನ್ನಬೇಕು. ಈಗ ನನ್ನ ಅಂಗಡಿಯಲ್ಲಿ ಮೊದಲ ಮಾತೇ ಅದು.

ಅದೃಷ್ಟಕ್ಕೆ ಅದು ಹಳೇ ತಿರುಗುವ ಹಾರ್ಡ್ ಡಿಸ್ಕ್. ಎಸ್ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್ಪಿನಲ್ಲಿ ಬರೆಯುವ ಡಿಸ್ಕ್) ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದರಲ್ಲಿ ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ತಾನಾಗಿ ಖಾಲಿ ಮಾಡಿಬಿಡುತ್ತದೆ. ಇವತ್ತಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಜಾಸ್ತಿ ಎಸ್ಎಸ್‌ಡಿಯೇ. ಕಟ್ ಮಾಡುವವರು ಇದೊಂದನ್ನು ದಯವಿಟ್ಟು ನೆನಪಿಡಿ.

ಎತ್ತಿದ್ದು

ಡಿಸ್ಕನ್ನು ಬಿಚ್ಚಿ ತಂದೆ. ಅದರ ಮೇಲೆ ನೇರವಾಗಿ ಏನನ್ನೂ ಓಡಿಸಲಿಲ್ಲ. ಮೊದಲು ಇಡೀ ಡಿಸ್ಕನ್ನು ಒಂದು ಸೆಕ್ಟರೂ (ಡಿಸ್ಕಿನ ಸಣ್ಣ ತುಂಡು) ಬಿಡದೆ ಇನ್ನೊಂದು ಡಿಸ್ಕಿಗೆ ನಕಲು ಮಾಡಿದೆ. ಎರಡು ಗಂಟೆ ಹಿಡಿಯಿತು. ಮೂಲ ಡಿಸ್ಕನ್ನು ಕವರಿಗೆ ಹಾಕಿ ಮೇಷ್ಟ್ರ ಕೈಗೆ ಕೊಟ್ಟೆ. ಮುಂದಿನ ಕೆಲಸವೆಲ್ಲ ನಕಲಿನ ಮೇಲೆ. ನನ್ನ ಕೈಯಿಂದ ಏನಾದರೂ ತಪ್ಪಾದರೆ ಇನ್ನೊಬ್ಬರ ಹತ್ತಿರ ಹೋಗಲು ದಾರಿ ಇರಬೇಕಲ್ಲ.

ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಶುರು ಮಾಡಿದೆ. ಹೊಡೆದ ಹೆಸರುಗಳ ಪಟ್ಟಿ ಡಿಸ್ಕಿನಲ್ಲಿ ಇನ್ನೂ ಉಳಿದಿದ್ದರೆ ಅದು ಫೋಲ್ಡರ್ ಹೆಸರಿನ ಸಮೇತ ವಾಪಸ್ ಕೊಡುತ್ತದೆ. ಹೀಗೆ 9,720 ಫೈಲ್ ಸಿಕ್ಕವು. ಆಮೇಲೆ ಅದರ ಜೋಡಿಯಾದ ಫೋಟೋರೆಕ್. ಇದು ಹೆಸರು ನೋಡುವುದಿಲ್ಲ. ಜೆಪೆಗ್ ಫೈಲ್ (ಫೋಟೋಗಳ ಸಾಮಾನ್ಯ ಬಗೆ) ಹೇಗೆ ಶುರುವಾಗುತ್ತದೆ ಎಂಬ ಗುರುತು ಹಿಡಿದು ಡಿಸ್ಕನ್ನೆಲ್ಲ ಜಾಲಾಡುತ್ತದೆ. ಸಿಕ್ಕಿದ್ದಕ್ಕೆ ಎಫ್ ಅಕ್ಷರ ಮತ್ತು ಒಂದು ಸಂಖ್ಯೆ ಇಡುತ್ತದೆ, ಅಷ್ಟೇ. ಬ್ರೌಸರಿನ ಚೂರುಪಾರು ಚಿತ್ರ, ಎರಡೆರಡು ಸಲ ಬಂದವು, ಎಲ್ಲ ತೆಗೆದ ಮೇಲೆ ಹೊಸದಾಗಿ ಸಿಕ್ಕಿದ್ದು 2,675.

ಹೆಸರಿಲ್ಲದ ಇಷ್ಟು ಫೋಟೋಗಳನ್ನು ಎಲ್ಲಿಗೆ ಸೇರಿಸುವುದು? ಕ್ಯಾಮೆರಾ ಪ್ರತಿ ಫೋಟೋದ ಒಳಗೇ ತೆಗೆದ ದಿನ, ಗಂಟೆ ಬರೆದಿರುತ್ತದೆ. ಅದಕ್ಕೆ ಎಕ್ಸಿಫ್ ಎನ್ನುತ್ತಾರೆ. ಕಾಪಿ ಮಾಡಿದಾಗ ಹೊರಗೆ ಕಾಣುವ ತಾರೀಕು ಬದಲಾಗಬಹುದು, ಒಳಗಿನದು ಬದಲಾಗದು. ಅದನ್ನು ಓದಿಸಿ ಇಸವಿ, ತಿಂಗಳಿನಂತೆ ವಿಂಗಡಿಸಿದೆ. 92 ಫೋಟೋ ಮಾತ್ರ ಎಲ್ಲವೂ 2009ರ ಜನವರಿ 1 ಎಂದು ಹಟ ಹಿಡಿದವು. ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆ ಕ್ಯಾಮೆರಾದ ಗಡಿಯಾರ ಮೊದಲಿಗೆ ಹೋಗಿತ್ತು, ಯಾರೂ ಸರಿ ಮಾಡಿರಲಿಲ್ಲ. ಮೇಷ್ಟ್ರು ಲಾಂಗ್ ಬುಕ್ ತೆರೆದು ಬೆರಳಿಟ್ಟು ಕೆಳಗೆ ಬಂದರು. 2013, "ತುಳಸಿ ಪೂಜೆ, 92." ಬೆರಳು ಅಲ್ಲೇ ನಿಂತಿತು.

ಪೆನ್ ಡ್ರೈವಿನಲ್ಲಿ ಸರಿಯಿದ್ದದ್ದು 7,850. ಮೂರೂ ಸೇರಿ 20,245. ಪುಸ್ತಕದ ಮೊತ್ತ 21,460. ಸಿಗದೆ ಉಳಿದದ್ದು 1,215, ಹೆಚ್ಚಿನವು 2016ರಿಂದ 2018ರವರೆಗಿನವು. ಆ ಪುಸ್ತಕ ಇಲ್ಲದಿದ್ದರೆ ಇಪ್ಪತ್ತು ಸಾವಿರ ಸಿಕ್ಕಿತು, ಎಲ್ಲ ಬಂತು ಎಂದು ನಾವು ಖುಷಿಯಾಗಿ ಕೈ ತೊಳೆದುಕೊಳ್ಳುತ್ತಿದ್ದೆವು. ಏನು ಕಳೆದಿದೆ ಎಂದು ಗೊತ್ತಿದ್ದರೆ ತಾನೇ ಹುಡುಕುವುದು?

ಎಲ್ಲ ಎತ್ತಿಟ್ಟ ಮೇಲೆ ಆ ಪೆನ್ ಡ್ರೈವನ್ನು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟೆ. ಅದು ಡ್ರೈವಿಗೆ ಗುರುತಿನ ಫೈಲುಗಳನ್ನು ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ. 2 ಟಿಬಿ ಪೂರ್ತಿ ಬರೆಸಲು ಆ ವೇಗದಲ್ಲಿ ಮೂರು ದಿನ ಬೇಕು. 64 ಜಿಬಿ ಮಾತ್ರ ಬರೆಸಿದೆ. ವಾಪಸ್ ಸರಿಯಾಗಿ ಬಂದದ್ದು 29 ಜಿಬಿ ಚಿಲ್ಲರೆ. 32 ಜಿಬಿಯ ಡ್ರೈವನ್ನು ಕಂಪ್ಯೂಟರ್ ಇಷ್ಟೇ ಎಂದು ಎಣಿಸುತ್ತದೆ, ಕಾರಣ ಮುಂದೆ ಬರುತ್ತದೆ. ಇಷ್ಟೇ ಪರೀಕ್ಷೆಯನ್ನು ಕೊಂಡ ದಿನವೇ, ಖಾಲಿ ಡ್ರೈವಿನ ಮೇಲೆ ಮಾಡಿದ್ದರೆ ಒಂದು ರಾತ್ರಿಯಲ್ಲಿ ಮುಗಿಯುತ್ತಿತ್ತು.

ತೀರ್ಮಾನಗಳು

ಮೋಸದ ಪೆನ್ ಡ್ರೈವೇ ಕಾರಣ ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಒಳ್ಳೆಯ ಡ್ರೈವೂ ಕೆಡುತ್ತದೆ, ಕೈ ಜಾರಿ ಬೀಳುತ್ತದೆ, ನಡುವೆ ಕರೆಂಟ್ ಹೋಗುತ್ತದೆ. ಅದೇ ಕೆಟ್ಟ ಡ್ರೈವಿಗೆ ಕಾಪಿ ಮಾಡಿದ್ದರೆ ಹೋಗುತ್ತಿದ್ದದ್ದು ಏಳುನೂರು ರೂಪಾಯಿ ಮಾತ್ರ. ಕಟ್ ಎಂಬ ಒಂದು ಕ್ಲಿಕ್ಕಿನಿಂದ ಹದಿನೇಳು ವರ್ಷ ಒಂದೇ ಕಡೆ ಉಳಿಯಿತು, ಅದೂ ಇಲ್ಲದ ಜಾಗದಲ್ಲಿ.

ನನ್ನನ್ನು ಹೆಚ್ಚು ಕಾಡಿದ್ದು ಬೆಳಗಿನ ಆ ಅರ್ಧ ಗಂಟೆ. ಅವರು ಪರೀಕ್ಷೆ ಮಾಡಲಿಲ್ಲ ಎನ್ನುವಂತಿಲ್ಲ, ಮಾಡಿದರು. ಆದರೆ ನೋಡಿದ್ದು 2006. ಎಲ್ಲರೂ ಮೊದಲ ಫೋಲ್ಡರನ್ನೇ ತೆರೆಯುತ್ತೇವೆ, ಹಳೇ ಫೋಟೋ ಮೇಲೆ ಪ್ರೀತಿ ಜಾಸ್ತಿ ಅಲ್ವಾ. ಇಂಥ ಡ್ರೈವಿನಲ್ಲಿ ಮೊದಲು ಬರೆದದ್ದು ಹಲವು ಸಲ ಸರಿಯಾಗಿಯೇ ಇರುತ್ತದೆ. ನೋಡಬೇಕಾದದ್ದು ಕೊನೆಯ ಫೋಲ್ಡರಿನ ಕೊನೆಯ ಫೋಟೋ, ಮತ್ತೆ ನಡುವಿನ ಒಂದಿಷ್ಟು. ಲ್ಯಾಪ್‌ಟಾಪಿಗೆ ಕಾಪಿ ಮಾಡುವಾಗ ಬಂದ ಎರರ್ ಈ ವಿಷಯವನ್ನೇ ಹೇಳುತ್ತಿತ್ತು. ಆ ದಿನ ಡೆಸ್ಕ್‌ಟಾಪ್ ಇನ್ನೂ ಮನೆಯಲ್ಲೇ ಇದ್ದಿದ್ದರೆ ಬಹುಶಃ ಒಂದು ಫೋಟೋವೂ ಹೋಗುತ್ತಿರಲಿಲ್ಲ. ಹಳೇ ಯಂತ್ರವನ್ನು ಕೊಡಲು ಒಂದು ತಿಂಗಳು ಕಾಯಿರಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಅದು ಮೂಲೆಯಲ್ಲಿ ಸುಮ್ನೆ ಕೂತಿರಲಿ.

ಎರಡನೆಯ ಸಲ

ಈ ಸಲ 1 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಅಂಗಡಿಯಲ್ಲೇ ಬಿಲ್ ಹಾಕಿಸಿ ತಂದೆವು. ನಾಲ್ಕು ಸಾವಿರದ ಆಸುಪಾಸು. ಚುಚ್ಚಿದ ಕೂಡಲೇ ಮೇಷ್ಟ್ರ ಕಣ್ಣಿಗೆ ಬಿದ್ದದ್ದು 931 ಜಿಬಿ ಎಂಬ ಸಂಖ್ಯೆ.

"ಇದೂ ಮೋಸವೇನೋ?"

ಅಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಟಿಬಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಅಷ್ಟೇ ವ್ಯತ್ಯಾಸ. ಮೇಷ್ಟ್ರು ನಂಬಲಿಲ್ಲ, ಪೆನ್ನು ತೆಗೆದು ತಾವೇ ಭಾಗಿಸಿದರು. 931 ಬಂದ ಮೇಲೆ ಸಮಾಧಾನವಾಯಿತು.

ಮಗಳ ಹತ್ತಿರ ಇರುವುದು ಮ್ಯಾಕ್, ಅಂದರೆ ಆಪಲ್ ಕಂಪ್ಯೂಟರ್. ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಕ್ರಮಗಳು ಬೇರೆ ಬೇರೆ ಇವೆ; ಎನ್‌ಟಿಎಫ್ಎಸ್, ಫ್ಯಾಟ್32, ಎಕ್ಸ್‌ಫ್ಯಾಟ್ ಎಂಬವು ಅಂಥವು. ಡ್ರೈವ್ ಎನ್‌ಟಿಎಫ್ಎಸ್ ಆಗಿದ್ದರೆ ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಫ್ಯಾಟ್32 ಮಾಡಿದರೆ 4 ಜಿಬಿಗಿಂತ ದೊಡ್ಡ ಫೈಲ್ ಹೋಗದು, ಮದುವೆ ವಿಡಿಯೋ ಅದಕ್ಕಿಂತ ದೊಡ್ಡದಿತ್ತು. ಅದಕ್ಕೇ ಎಕ್ಸ್‌ಫ್ಯಾಟ್ ಮಾಡಿದೆ. ಇದರಲ್ಲಿ ಒಂದು ಎಚ್ಚರ ಬೇಕು. ಇಜೆಕ್ಟ್ ಕೊಡದೆ ಕೇಬಲ್ ಎಳೆದರೆ ಎನ್‌ಟಿಎಫ್ಎಸ್‌ಗಿಂತ ಇದು ಬೇಗ ಕೆಡುತ್ತದೆ.

ನನ್ನ ಕಂಪ್ಯೂಟರಿನ ನೀಲಿ ಬಣ್ಣದ, ವೇಗ ಜಾಸ್ತಿಯ ಯುಎಸ್‌ಬಿ ಪೋರ್ಟಿಗೆ ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಕಾಪಿ ಆಯಿತು. ಇಜೆಕ್ಟ್ ಮಾಡಿ, ಕೇಬಲ್ ತೆಗೆದು, ಮತ್ತೆ ಹಾಕಿ, ಆಮೇಲೆ ಎರಡೂ ಕಡೆಯ ಫೈಲುಗಳನ್ನು ತಾಳೆ ನೋಡಿಸಿದೆ. ಕೇಬಲ್ ತೆಗೆದು ಹಾಕುವುದು ಯಾಕೆಂದರೆ, ಈಗಷ್ಟೇ ಬರೆದದ್ದು ಕಂಪ್ಯೂಟರಿನ ಮೆಮೊರಿಯಲ್ಲಿ ಇನ್ನೂ ಇರುತ್ತದೆ. ಡ್ರೈವಿನಿಂದ ಓದುತ್ತಿದ್ದೇವೆ ಎಂದುಕೊಂಡು ಮೆಮೊರಿಯಿಂದ ಓದುತ್ತಿರುತ್ತೇವೆ. ಮೇಷ್ಟ್ರ ಮನೆಯಲ್ಲಿ ಲ್ಯಾಪ್‌ಟಾಪಿಗೆ ಕಾಪಿ ಮಾಡಿದ ಮೇಲೂ ಇದೇ ಕ್ರಮ. ಕೊನೆಗೆ ಅವರು ಪುಸ್ತಕ ಹಿಡಿದು ಕೂತರು. ನಾನು ಫೋಲ್ಡರಿನ ಸಂಖ್ಯೆ ಕೂಗಿದೆ, ಅವರು ಟಿಕ್ ಹಾಕಿದರು. ಸಿಗದಿದ್ದದ್ದಕ್ಕೆ ಹಾಜರಿ ಪುಸ್ತಕದಲ್ಲಿ ಹಾಕುವಂತೆ ಕೆಂಪು ಶಾಯಿಯಲ್ಲಿ "ಗೈ" ಎಂದು ಬರೆದರು. ಮೂರು ಸಂಜೆ ಬೇಕಾಯಿತು. ಡ್ರೈವ್ ಬೀರುವಿನಲ್ಲಿ ಉಳಿಯಿತು. ಇನ್ನೊಂದು ಪ್ರತಿ ಮಗಳ ಮನೆಗೆ ಹೋಯಿತು.

ಕಳೆದ 1,215ರ ವಿಷಯ ನನ್ನ ಕೈಲಿ ಮುಗಿದಿತ್ತು. ಮೇಷ್ಟ್ರು ಮಾತ್ರ ಬಿಡಲಿಲ್ಲ. ಪುಸ್ತಕದಲ್ಲಿ ಕೆಂಪು ಇದ್ದ ಸಾಲುಗಳನ್ನು ನೋಡಿ ಆಯಾ ಬ್ಯಾಚಿನವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಹಿಂದೆ ಅವರೇ ವಾಟ್ಸಾಪಿನಲ್ಲಿ ಕಳಿಸಿದ್ದ 180 ಫೋಟೋ ವಾಪಸ್ ಬಂದವು. ಸಣ್ಣದಾಗಿವೆ, ಒಳಗೆ ದಿನಾಂಕ ಇಲ್ಲ, ಆದರೂ ಮುಖ ಗುರುತು ಸಿಗುತ್ತದೆ. ಹಾಗೆ ಫೋನ್ ಮಾಡುತ್ತಿದ್ದಾಗಲೇ ಒಬ್ಬ ಹುಡುಗಿ ಕೇಳಿದಳಂತೆ, "ಸಾರ್, ನೀವು ರಿಟೈರ್ ಆಗುವಾಗ ಶಾಲೆಗೆ ಡಿವಿಡಿ ಕೊಟ್ಟಿದ್ರಲ್ಲ, ಅದು?"

ಶಾಲೆಯ ಆಫೀಸಿನ ಕಪಾಟಿನಲ್ಲಿ, ಹಳೇ ಪ್ರಶ್ನೆಪತ್ರಿಕೆಗಳ ಕಟ್ಟಿನ ಕೆಳಗೆ ಎರಡು ಡಿವಿಡಿ ಸಿಕ್ಕವು. ಲ್ಯಾಪ್‌ಟಾಪಿಗೆ ಡಿವಿಡಿ ಹಾಕುವ ಜಾಗವಿಲ್ಲ, ಅಂಗಡಿಗೆ ತಂದರು. ಒಂದರ ಮೇಲೆ ಗೀರು ಬಿದ್ದಿತ್ತು. ಡ್ರೈವ್ ಕುಂಯ್‌ಗುಟ್ಟುತ್ತಾ, ನಿಲ್ಲುತ್ತಾ, ಮತ್ತೆ ತಿರುಗುತ್ತಾ ಓದಿತು. ಎರಡೂ ಸೇರಿ 640. ಮೇಷ್ಟ್ರು ನನ್ನ ಕೌಂಟರಿನ ಮೇಲೇ ಪುಸ್ತಕ ಬಿಡಿಸಿ, 2017ರ ಪುಟದಲ್ಲಿ ಕೆಂಪು "ಗೈ" ಮೇಲೆ ಒಂದೊಂದಾಗಿ ಗೆರೆ ಎಳೆಯುತ್ತಾ ಹೋದರು. ಪಕ್ಕದಲ್ಲಿ ಬರೆದದ್ದು, "ಹಾಜರ್. ಡಿವಿಡಿಯಿಂದ." ಇನ್ನೂ 395 ಬಾಕಿ ಇವೆ. ಆ ಸಾಲುಗಳನ್ನು ಅವರು ಹಾಗೇ ಬಿಟ್ಟಿದ್ದಾರೆ.